ಚಿತ್ರದುರ್ಗ–ದಾವಣಗೆರೆ ಸೀಮೆಯ ದರ್ಗಾಗಳನ್ನು ಅಧ್ಯಯನ ಮಾಡಹೊರಟವರಿಗೆ

ದಾವಣಗೆರೆ ಮತ್ತು ಚಿತ್ರದುರ್ಗದ ಕಾಲೇಜುಗಳಲ್ಲಿ ಇತಿಹಾಸ, ಜಾನಪದ, ಸಮಾಜಶಾಸ್ತ್ರ ಅಥವಾ ಕನ್ನಡ ಓದುವ ವಿದ್ಯಾರ್ಥಿಗಳು ತಮ್ಮ ಊರಿನ ದರ್ಗಾವನ್ನೋ, ಉರುಸನ್ನೋ (ಸಂತನ ನೆನಪಿನ ವಾರ್ಷಿಕ ಉತ್ಸವ), ಬಾಬಯ್ಯನ ಹಬ್ಬವನ್ನೋ (ಮೊಹರಂ) ಪ್ರಬಂಧಕ್ಕೆ ಆರಿಸಿಕೊಂಡರೆ ಅದು ಸಂತೋಷದ ಸಂಗತಿ. ಆದರೆ ಇಂತಹ ಬರಹಗಳಲ್ಲಿ ಹೆಚ್ಚಿನವು ಮೊದಲ ಪುಟದಲ್ಲೇ ಈ ದರ್ಗಾ ಹಿಂದೂ–ಮುಸ್ಲಿಂ ಭಾವೈಕ್ಯದ ಪ್ರತೀಕ ಎಂದು ತೀರ್ಪು ಕೊಟ್ಟುಬಿಡುತ್ತವೆ; ಮುಂದಿನ ಪುಟಗಳೆಲ್ಲ ಆ ತೀರ್ಪಿಗೆ ಒಪ್ಪುವ ಉದಾಹರಣೆಗಳ ಜೋಡಣೆಯಾಗುತ್ತವೆ. ಭಾವೈಕ್ಯ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದು ನಮ್ಮ ಸೀಮೆಯಲ್ಲಿ ನಿಜವಾಗಿಯೂ ಇದೆ, ಅದನ್ನು ಕಾಪಾಡಿಕೊಳ್ಳಬೇಕೆಂಬ ಕಾಳಜಿಯೂ ನನಗಿದೆ. ಆ ಕಾರಣಕ್ಕಾಗಿಯೇ ಅದು ಯಾವ ಕೈಗಳಿಂದ, ಯಾವ ಹಕ್ಕಿನಿಂದ, ಯಾವ ಖರ್ಚಿನಲ್ಲಿ ವರ್ಷ ವರ್ಷವೂ ನಡೆದುಬರುತ್ತಿದೆ ಎಂಬುದನ್ನು ಹುಡುಕಬೇಕು. ದೀಪದ ಎಣ್ಣೆ ಯಾರ ಮನೆಯಿಂದ ಬರುತ್ತದೆ, ಗಂಧದ ಬಟ್ಟಲನ್ನು ಯಾರು ಹೊರುತ್ತಾರೆ, ಮೊದಲ ಸಕ್ಕರೆಯ ಮೇಲೆ ಯಾರ ಹೆಸರಿನಲ್ಲಿ ಪ್ರಾರ್ಥನೆ ಓದಿಸಲ್ಪಡುತ್ತದೆ, ಯಾರ ಓಣಿಗೆ ಬಂದಾಗ ಮೆರವಣಿಗೆ ನಿಲ್ಲುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲೆ ದೊಡ್ಡ ಮಾತುಗಳನ್ನು ಆಡಲು ನಮಗೆ ಆಧಾರವಿರುತ್ತದೆ.

ಜಾಗದ ಬಗೆಯನ್ನು ಮೊದಲು ತಿಳಿಯಿರಿ

ಹೊರಗಿನಿಂದ ನೋಡಿದರೆ ಹಸಿರು ಬಾವುಟ ಕಟ್ಟಿದ ಎಲ್ಲ ಜಾಗಗಳೂ ದರ್ಗಾ ಎಂದೇ ತೋರುತ್ತವೆ. ಒಳಗಿನ ವ್ಯತ್ಯಾಸ ದೊಡ್ಡದು. ಸಂತನೊಬ್ಬನ ಸಮಾಧಿ ಇರುವ ಸ್ಥಳ ಒಂದು ಬಗೆ. ಸಂತ ಕೆಲಕಾಲ ಧ್ಯಾನಕ್ಕೆ ಕುಳಿತಿದ್ದನೆಂದು ಅಥವಾ ಅವನ ನೆನಪಿಗೆ ಕಟ್ಟಿದ್ದೆಂದು ಹೇಳುವ ಚಿಲ್ಲಾ ಇನ್ನೊಂದು ಬಗೆ. ನಿಶಾನೆ ನೆಟ್ಟ ಝಂಡಾ ಕಟ್ಟೆ ಮೂರನೆಯದು. ಮೊಹರಂ ಪಂಜಾಗಳನ್ನು, ಅಂದರೆ ಕೈಯಾಕಾರದ ಲೋಹದ ಲಾಂಛನಗಳನ್ನು, ಇಡುವ ಮನೆ ಬೇರೆಯೇ. ನಮ್ಮ ಹಳ್ಳಿಗಳಲ್ಲಿ ಈ ಕೊನೆಯದನ್ನು ಮಸೂತಿ ಎಂದೂ ಕರೆಯುವುದುಂಟು, ಆದರೆ ಅಲ್ಲಿ ದಿನನಿತ್ಯದ ನಮಾಜು ನಡೆಯದೆ ಇರಬಹುದು. ಮೆಹಬೂಬ್ ಸುಬಾನಿಯ ಹೆಸರಿನ ಜಾಗಕ್ಕೆ ಹೋಗಿ ಇವರು ಯಾವಾಗ ಈ ಊರಿಗೆ ಬಂದರು ಎಂದು ಕೇಳಿದರೆ ಪ್ರಶ್ನೆಯೇ ದಾರಿ ತಪ್ಪಿದಂತೆ. ಆ ಬಿರುದು 1166ರಲ್ಲಿ ಬಾಗ್ದಾದಿನಲ್ಲಿ ತೀರಿಕೊಂಡ ಅಬ್ದುಲ್ ಖಾದಿರ್ ಜಿಲಾನಿಯವರದು. ಅವರ ಸಮಾಧಿಯೂ ಅಲ್ಲಿಯೇ ಇದೆ. ರಬಿಉಲ್ ಆಖಿರ್ ತಿಂಗಳ ಹನ್ನೊಂದರಂದು ಅವರ ಹೆಸರಿನಲ್ಲಿ ಗ್ಯಾರವಿ ಮಾಡುತ್ತಾರೆ. ಇಂತಹ ಜಾಗದಲ್ಲಿ ಕೇಳಬೇಕಾದದ್ದು, ಈ ನೆನಪನ್ನು ಇಲ್ಲಿಗೆ ತಂದವರು ಯಾರು, ಯಾವ ಮನೆತನ ಅದನ್ನು ಹೊತ್ತುಕೊಂಡು ಬಂದಿತು ಎಂಬುದು.

ಹಾಗೆಯೇ ಸಿಲ್‌ಸಿಲೆಯನ್ನು, ಅಂದರೆ ಗುರುಪರಂಪರೆಯನ್ನು, ಎಚ್ಚರದಿಂದ ದಾಖಲಿಸಿ. ಚಿಶ್ತಿ, ಖಾದ್ರಿ, ನಕ್ಷಬಂದಿ, ಶತ್ತಾರಿ, ರಿಫಾಯಿ ಮೊದಲಾದ ಹೆಸರುಗಳು ಮಾತಿನಲ್ಲಿ ಬರುತ್ತವೆ. ಅಜ್ಮೀರಿನ ಖ್ವಾಜಾ ಮೊಯಿನುದ್ದೀನ್ ಚಿಶ್ತಿಯವರು 1236ರಲ್ಲಿ, ಕಲಬುರಗಿಯ ಖ್ವಾಜಾ ಬಂದೇನವಾಜರು 1422ರಲ್ಲಿ ತೀರಿಕೊಂಡರು. ಅನೇಕ ಸಣ್ಣ ದರ್ಗಾಗಳ ಮನೆತನಗಳು ಈ ಎರಡು ದೊಡ್ಡ ಮನೆಗಳ ಕಡೆಗೆ ತಮ್ಮ ಬೇರನ್ನು ತೋರಿಸುತ್ತವೆ. ಅವರಲ್ಲಿ ವಂಶಾವಳಿಯ ಕಾಗದವಿದ್ದರೆ ಅದನ್ನು ಬರೆದ ಕಾಲ, ಬರೆದವರ ಹೆಸರು, ಯಾವ ವ್ಯಾಜ್ಯದ ಅಥವಾ ಯಾವ ಅರ್ಜಿಯ ಸಂದರ್ಭಕ್ಕೆ ಅದು ತಯಾರಾಯಿತು ಎಂಬುದನ್ನು ಗಮನಿಸಿ. ಕಾಗದ ಇತ್ತೀಚಿನದಾದ ಮಾತ್ರಕ್ಕೆ ಅದರಲ್ಲಿರುವ ನೆನಪು ಇತ್ತೀಚಿನದಾಗಬೇಕಿಲ್ಲ; ಆದರೂ ಎರಡನ್ನೂ ಬೇರೆ ಬೇರೆಯಾಗಿಯೇ ಬರೆಯಬೇಕು.

ಕೋಟೆಯಿರುವ ಊರುಗಳಲ್ಲಿ ಇನ್ನೊಂದು ಬಗೆಯ ಗೋರಿಗಳನ್ನು ಕಾಣುತ್ತೇವೆ. ಕಾಳಗದಲ್ಲಿ ಮಡಿದ ಶಹೀದರದು ಎಂದು ಜನ ನಂಬಿದ ಗೋರಿಗಳಿವು. ಚಿತ್ರದುರ್ಗದ ಕೋಟೆ 1779ರಲ್ಲಿ ಹೈದರಾಲಿಯ ಕೈಗೆ ಬಂದದ್ದು ಈ ಸೀಮೆಯ ಎಲ್ಲ ಸಮುದಾಯಗಳ ನೆನಪಿನಲ್ಲೂ ಆಳವಾಗಿ ಉಳಿದಿರುವುದರಿಂದ, ಕಾಲ ಗೊತ್ತಿಲ್ಲದ ಗೋರಿಗಳಿಗೂ ಆ ಒಂದೇ ಘಟನೆಯನ್ನು ಅಂಟಿಸುವ ರೂಢಿ ಬೆಳೆಯುವುದು ಸಹಜ. ಹೇಳುವವರ ಮಾತನ್ನು ಹೇಳಿದಂತೆಯೇ ಬರೆದುಕೊಳ್ಳಿ, ಆದರೆ ಅದನ್ನು ಕಟ್ಟಡದ ಕಾಲನಿರ್ಣಯಕ್ಕೆ ಸಾಕ್ಷಿಯಾಗಿ ಬಳಸಬೇಡಿ.

ಗೋರಿಯ ಮೇಲ್ಭಾಗವನ್ನೂ ನೋಡಲು ಕಲಿಯಬೇಕು. ದಖ್ಖನಿನಲ್ಲಿ ಬಹುಮಟ್ಟಿಗೆ ಗಂಡಸರ ಗೋರಿಯ ಮೇಲೆ ಲೇಖನಿ ಪೆಟ್ಟಿಗೆಯಂತೆ ಉಬ್ಬಿದ ಕಲ್ಲಿನ ದಿಂಡು ಇರುತ್ತದೆ. ಅದನ್ನು ಕಲಮ್‌ದಾನ್ ಎನ್ನುತ್ತಾರೆ. ಹೆಂಗಸರ ಗೋರಿಯ ಮೇಲೆ ಹಲಗೆಯಂತೆ ಸಪಾಟಾದ ತಖ್ತಿ ಇರುತ್ತದೆ. ಗೋರಿಗೆ ಹೊದಿಸುವ ಗಲೀಫಿನ ಅಡಿಯಲ್ಲಿ ಮುಚ್ಚಿಹೋಗಿರುವ ಈ ಗುರುತನ್ನು ನೀವಾಗಿ ಬಟ್ಟೆ ಎತ್ತಿ ನೋಡಕೂಡದು. ಗಲೀಫು ಬದಲಿಸುವ ಹೊತ್ತಿಗೆ ಅಲ್ಲಿರಲು ಮುಜಾವರರ, ಅಂದರೆ ದರ್ಗಾದ ಸೇವೆ ನೋಡಿಕೊಳ್ಳುವವರ, ಅನುಮತಿ ಕೇಳಿ. ಪಕ್ಕದಲ್ಲಿರುವ ಸಣ್ಣ ಗೋರಿಗಳು ಸಂತನ ಹೆಂಡತಿಯದೋ, ಶಿಷ್ಯನದೋ, ಕುದುರೆಯದೋ ಎಂಬ ಪ್ರಶ್ನೆಗೆ ಈ ಗುರುತು ಅನೇಕ ಬಾರಿ ಮೊದಲ ಸುಳಿವು ಕೊಡುತ್ತದೆ.

ಕಡತಗಳು ಎಲ್ಲಿವೆ

ಈ ಭಾಗದಲ್ಲಿ ಕೆಲಸ ಮಾಡುವವರು ಜಿಲ್ಲೆಯ ಗಡಿಗಳ ಇತಿಹಾಸವನ್ನು ಮೊದಲು ತಿಳಿದಿರಬೇಕು, ಇಲ್ಲದಿದ್ದರೆ ಇರುವ ದಾಖಲೆಯೂ ಸಿಗುವುದಿಲ್ಲ. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು. ಅದಕ್ಕೆ ಮೊದಲು ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿದ್ದವು; ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದ ಬಂದವು; ಹರಪನಹಳ್ಳಿ ಬಳ್ಳಾರಿಯಿಂದ ಬಂದು 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಗಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಆದ್ದರಿಂದ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ ಹಳೆಯ ಮುದ್ರಣದಲ್ಲಿ ದಾವಣಗೆರೆ ಮತ್ತು ಜಗಳೂರಿನ ಶಾಸನಗಳಿಗೆ ಚಿತ್ರದುರ್ಗ ಜಿಲ್ಲೆಯ 11ನೆಯ ಸಂಪುಟವನ್ನು, ಚನ್ನಗಿರಿ ಮತ್ತು ಹೊನ್ನಾಳಿಯವಕ್ಕೆ ಶಿವಮೊಗ್ಗ ಜಿಲ್ಲೆಯ 7ನೆಯ ಸಂಪುಟವನ್ನು ನೋಡಬೇಕು. ಹರಪನಹಳ್ಳಿಯ ಕತೆ ಇನ್ನೂ ಬೇರೆ: 1953ರವರೆಗೆ ಅದು ಮದ್ರಾಸಿನ ಆಡಳಿತದಲ್ಲಿತ್ತು, ಹಾಗಾಗಿ 19ನೆಯ ಶತಮಾನದ ಇನಾಮು (ದಾನವಾಗಿ ಬಿಟ್ಟ ಜಮೀನು) ವಿಚಾರಣೆಯ ದಾಖಲೆಗಳಿಗಾಗಿ ಚೆನ್ನೈನ ಪತ್ರಾಗಾರದ ಕಡೆಗೂ ಮುಖಮಾಡಬೇಕಾಗುತ್ತದೆ.

ಅರಬ್ಬಿ ಮತ್ತು ಫಾರಸಿ ಶಾಸನಗಳು ಮೇಲೆ ಹೇಳಿದ ಸಂಪುಟಗಳಲ್ಲಿ ಪೂರ್ತಿಯಾಗಿ ಬಂದಿಲ್ಲ. ಅವುಗಳಿಗೆ ಭಾರತೀಯ ಪುರಾತತ್ವ ಸರ್ವೇಕ್ಷಣೆ ಎಪಿಗ್ರಾಫಿಯಾ ಇಂಡೋ-ಮೊಸ್ಲೆಮಿಕಾ ಎಂಬ ಹೆಸರಿನಲ್ಲಿ, ಸ್ವಾತಂತ್ರ್ಯಾನಂತರ ಎಪಿಗ್ರಾಫಿಯಾ ಇಂಡಿಕಾದ ಅರಬ್ಬಿ–ಫಾರಸಿ ಪುರವಣಿಯಾಗಿ ಪ್ರಕಟಿಸಿದ ಸಂಪುಟಗಳನ್ನು ನೋಡಬೇಕು. ನಮ್ಮ ವಿದ್ಯಾರ್ಥಿಗಳು ಹೆಚ್ಚಾಗಿ ಕೈಬಿಡುವುದು ಇವನ್ನೇ. ಹಿರಿಯೂರಿನ ಆಚೆ, ತುಮಕೂರು ಜಿಲ್ಲೆಗೆ ಸೇರಿದ ಶಿರಾ ಮೊದಲು ಬಿಜಾಪುರದ ಆದಿಲಶಾಹಿಗಳ, 1687ರಿಂದ ಮೊಗಲರ ಆಡಳಿತದ ಕೇಂದ್ರವಾಗಿತ್ತು. ಅಲ್ಲಿನ ಮಲಿಕ್ ರೆಹಾನನ ಗುಮ್ಮಟ 17ನೆಯ ಶತಮಾನದ ನಡುವಿನದು. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನಲ್ಲಿ ಪುಷ್ಕರಣಿಯ ಪಕ್ಕದಲ್ಲೇ ಬಿಜಾಪುರ ಕಾಲದ ಮುಸಾಫಿರಖಾನೆ ನಿಂತಿದೆ. ನಿಮ್ಮ ಊರಿನ ಸಣ್ಣ ಗುಮ್ಮಟದ ಕಮಾನು, ಮಿನಾರು, ಗಾರೆಯ ಕೆಲಸಗಳನ್ನು ಈ ಎರಡು ಕಟ್ಟಡಗಳ ಜೊತೆ ಹೋಲಿಸಿ ನೋಡಿದರೆ ಕಟ್ಟಿದ ಕಾಲದ ಬಗ್ಗೆ ಒಂದು ಅಂದಾಜು ಮೂಡುತ್ತದೆ. ಹೋಲಿಕೆಯಿಂದ ಬರುವುದು ಅಂದಾಜು ಮಾತ್ರ, ಅದನ್ನು ಅಂದಾಜೆಂದೇ ಬರೆಯಿರಿ.

ಶಾಸನದ ಕಲ್ಲಿನ ಮೇಲೆ ವರ್ಷ ವರ್ಷವೂ ಸುಣ್ಣ ಅಥವಾ ಹಸಿರು ಬಣ್ಣ ಬಳಿದಿರುತ್ತಾರೆ. ಅದನ್ನು ಕೆರೆಯುವುದಾಗಲಿ, ಅಕ್ಷರಗಳಿಗೆ ಸೀಮೆಸುಣ್ಣ ತುಂಬುವುದಾಗಲಿ ಮಾಡಲೇಬಾರದು. ಬೆಳಿಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ಫೋಟೋ ತೆಗೆಯಿರಿ. ಒಳಗಿನ ಗೋಡೆಯಾದರೆ ಟಾರ್ಚನ್ನು ಗೋಡೆಗೆ ತಾಗುವಂತೆ ಪಕ್ಕದಿಂದ ಹಿಡಿಸಿ, ಬೆಳಕಿನ ದಿಕ್ಕು ಬದಲಿಸುತ್ತ ನಾಲ್ಕಾರು ಚಿತ್ರ ತೆಗೆಯಿರಿ. ಬರಿಗಣ್ಣಿಗೆ ಕಾಣದ ಅಕ್ಷರದ ಅಂಚು ನೆರಳಿನಲ್ಲಿ ಎದ್ದು ಕಾಣುತ್ತದೆ. ಸಂರಕ್ಷಿತ ಸ್ಮಾರಕವಾದರೆ ಅಚ್ಚು ತೆಗೆಯಲು ಇಲಾಖೆಯ ಅನುಮತಿ ಬೇಕು.

ಭೂಮಿಯ ದಾಖಲೆಗಳು ಭಕ್ತಿಯ ಅಧ್ಯಯನಕ್ಕೆ ಸಂಬಂಧಪಟ್ಟವಲ್ಲ ಎಂದು ಭಾವಿಸುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಅವು ಎಲ್ಲಕ್ಕಿಂತ ಮುಖ್ಯವಾದವು. ದರ್ಗಾದ ದೀಪಕ್ಕೆ, ಮುಜಾವರನ ಸೇವೆಗೆ, ಫಕೀರರ ಊಟಕ್ಕೆಂದು ಬಿಟ್ಟ ಇನಾಮು ಜಮೀನುಗಳು ಯಾವ ಸರ್ವೆ ನಂಬರಿನಲ್ಲಿದ್ದವು, ಯಾರ ಹೆಸರಿಗಿದ್ದವು ಎಂಬುದು ತಾಲ್ಲೂಕು ಕಚೇರಿಯ ಹಳೆಯ ಇನಾಮು ರಿಜಿಸ್ಟರುಗಳಿಂದ ತಿಳಿಯುತ್ತದೆ. ಧಾರ್ಮಿಕ ಮತ್ತು ದತ್ತಿ ಇನಾಮುಗಳನ್ನು ರದ್ದು ಮಾಡಿದ 1955ರ ಮೈಸೂರು ಕಾಯ್ದೆಯ ನಂತರ ಜಮೀನು ಯಾರ ಪಾಲಾಯಿತು, ಸೇವೆಯ ಖರ್ಚು ಎಲ್ಲಿಂದ ಬರತೊಡಗಿತು ಎಂದು ಕೇಳಿದರೆ, ಉರುಸಿನ ಇಂದಿನ ಚಂದಾ ಪುಸ್ತಕದವರೆಗೆ ಒಂದು ನೇರವಾದ ದಾರಿ ತೆರೆದುಕೊಳ್ಳುತ್ತದೆ. ಜಮೀನಿದ್ದಾಗ ಒಂದು ಮನೆತನದ ಕರ್ತವ್ಯವಾಗಿದ್ದ ಹಬ್ಬ, ಜಮೀನು ಹೋದ ಮೇಲೆ ಊರಿನ ಕಮಿಟಿಯ ಕೆಲಸವಾಗಿರಬಹುದು. ಕಮಿಟಿ ಬಂದ ಮೇಲೆ ಮೆರವಣಿಗೆಯ ದಾರಿಯೂ ಬದಲಾಗಿರಬಹುದು. ವಕ್ಫ್ ಆಸ್ತಿಗಳ ಸರ್ವೆ ಮತ್ತು ರಾಜ್ಯಪತ್ರದಲ್ಲಿ ಅವುಗಳ ಪ್ರಕಟಣೆ 1954ರ ಕಾಯ್ದೆಯಿಂದ ಆರಂಭವಾಯಿತು. ಆ ಪಟ್ಟಿಗಳನ್ನೂ, 1995ರ ಕಾಯ್ದೆ ಮತ್ತು ಅದಕ್ಕೆ 2025ರಲ್ಲಿ ಬಂದ ತಿದ್ದುಪಡಿಯನ್ನೂ ಓದಿಕೊಂಡೇ ಕ್ಷೇತ್ರಕ್ಕೆ ಹೋಗಿ. ಆಸ್ತಿಯ ವಿಷಯ ಇಂದು ಸೂಕ್ಷ್ಮವಾಗಿದೆ. ನೀವು ಸರ್ಕಾರದ ಕಡೆಯಿಂದ ಬಂದವರೋ, ಪತ್ರಿಕೆಯವರೋ, ವಿದ್ಯಾರ್ಥಿಯೋ ಎಂಬುದನ್ನು ಮೊದಲ ಮಾತಿನಲ್ಲೇ ಸ್ಪಷ್ಟಪಡಿಸಬೇಕು.

ಮುದ್ರಿತ ಮೂಲಗಳಲ್ಲಿ ಬಿ. ಎಲ್. ರೈಸ್ ಮತ್ತು ಹಯವದನರಾಯರ ಮೈಸೂರು ಗೆಜೆಟಿಯರುಗಳು, 1967ರ ಚಿತ್ರದುರ್ಗ ಜಿಲ್ಲಾ ಗೆಜೆಟಿಯರು ಕೈಗೆ ಸುಲಭವಾಗಿ ಸಿಗುತ್ತವೆ. 1800–01ರಲ್ಲಿ ಹರಿಹರ, ದಾವಣಗೆರೆ, ಚಿತ್ರದುರ್ಗದ ದಾರಿಯಲ್ಲಿ ಸಾಗಿದ ಫ್ರಾನ್ಸಿಸ್ ಬುಕಾನನ್ ಬೆಳೆ, ಮಗ್ಗ, ಕಸುಬುಗಳನ್ನು ಕುರಿತು ಹೆಚ್ಚು ಬರೆದಿದ್ದಾನೆ. ದರ್ಗಾಗಳಿಗೆ ಯಾವ ಕಸುಬಿನ ಜನ ನಡೆದುಕೊಳ್ಳುತ್ತಿದ್ದಿರಬಹುದು ಎಂದು ಊಹಿಸಲು ಆ ವಿವರಗಳು ಸಹಾಯವಾಗುತ್ತವೆ.

ತಿಥಿ, ತಾರೀಖು, ಇಸವಿ

ಹಿಜರಿ ವರ್ಷ ಸೌರವರ್ಷಕ್ಕಿಂತ ಸುಮಾರು 11 ದಿನ ಕಿರಿದು. ಮೊಹರಂ ಹತ್ತನೆಯ ದಿನ ನಮ್ಮಲ್ಲಿ 2024ರಲ್ಲಿ ಜುಲೈ 17ಕ್ಕೆ, 2025ರಲ್ಲಿ ಜುಲೈ 6ಕ್ಕೆ ಬಂತು. ಹೀಗಾಗಿ ಹತ್ತು ಹದಿನೈದು ವರ್ಷ ಹಿಂದೆ ನಡೆದ ಉರುಸನ್ನು ನೆನೆಯುವ ಅಜ್ಜಿ ಆಗ ಸುಗ್ಗಿ ಇತ್ತು ಎಂದರೆ, ಈಗ ಮಳೆಗಾಲದಲ್ಲಿ ನಡೆಯುತ್ತಿದೆಯಲ್ಲ ಎಂದು ಅವರ ಮಾತನ್ನು ಅನುಮಾನಿಸಬೇಡಿ. ಲೆಕ್ಕ ಹಾಕಿ ನೋಡಿ. ಇನ್ನು ಕೆಲವು ಉರುಸುಗಳು ಹಿಜರಿ ತಿಂಗಳನ್ನು ಅನುಸರಿಸದೆ ನಮ್ಮ ಪಂಚಾಂಗದ ಜೊತೆ ನಡೆಯುತ್ತವೆ. ನವಲಗುಂದ ತಾಲ್ಲೂಕಿನ ಯಮನೂರಿನ ರಾಜಾಬಾಗಸವಾರನ ಉರುಸು, ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿಯ ಉರುಸು ಹೋಳಿ ಹುಣ್ಣಿಮೆಯ ಆಸುಪಾಸಿನಲ್ಲೇ ಬರುತ್ತವೆ. ನೀವು ನೋಡುತ್ತಿರುವ ಉರುಸು ಯಾವ ಲೆಕ್ಕಕ್ಕೆ ಸೇರಿದ್ದು ಎಂದು ತಿಳಿಯುವುದು ಸುಮ್ಮನೆ ತಾರೀಖಿನ ವಿಷಯವಲ್ಲ. ಹುಣ್ಣಿಮೆ ಅಮಾವಾಸ್ಯೆಗಳಿಗೆ ಕಟ್ಟಿಕೊಂಡ ಉರುಸಿನ ಹಿಂದೆ ಒಕ್ಕಲುತನದ ಬಿಡುವು, ಸಂತೆ, ದನಗಳ ಜಾತ್ರೆ ಇರುವ ಸಾಧ್ಯತೆ ಹೆಚ್ಚು.

ಗೋರಿಗಲ್ಲಿನ ಇಸವಿಯನ್ನು ಪರಿವರ್ತಿಸಲು ಒಂದು ಸುಲಭ ಲೆಕ್ಕವಿದೆ: ಹಿಜರಿ ವರ್ಷವನ್ನು 33ರಿಂದ ಭಾಗಿಸಿ, ಬಂದದ್ದನ್ನು ಅದೇ ವರ್ಷದಿಂದ ಕಳೆದು, 622 ಕೂಡಿಸಿ. ಹಿಜರಿ 1193 ಎಂದಿದ್ದರೆ 36 ಕಳೆದು 622 ಕೂಡಿದಾಗ 1779 ಬರುತ್ತದೆ. ಟಿಪ್ಪುವಿನ ಕಾಲದ ಬರಹಗಳಲ್ಲಿ ಮಾತ್ರ ಈ ಲೆಕ್ಕ ಮೋಸ ಮಾಡುತ್ತದೆ. 1787ರಿಂದ ಅವನು ಮೌಲೂದಿ ಎಂಬ ಹೊಸ ಎಣಿಕೆಯನ್ನು ಬಳಕೆಗೆ ತಂದ, ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದ. ಆ ಎಣಿಕೆಯ 1215 ಅಂದರೆ 1787. 1218 ಅಂದರೆ 1790. ಇದನ್ನು ಹಿಜರಿ ಎಂದು ಓದಿದರೆ 1803–04 ಎಂದಾಗಿ, 1799ರಲ್ಲಿ ತೀರಿಕೊಂಡ ಟಿಪ್ಪು ಸತ್ತ ಮೇಲೆ ಸನದು ಕೊಟ್ಟಂತಾಗುತ್ತದೆ. ಇಸವಿ ಹೊಂದದಿದ್ದಾಗ ಕಾಗದ ಖೊಟ್ಟಿ ಎಂದು ತೀರ್ಮಾನಿಸುವ ಮೊದಲು ಇದು ಯಾವ ಎಣಿಕೆ ಎಂದು ಕೇಳಿಕೊಳ್ಳಿ. ಪದ್ಯದ ಅಕ್ಷರಗಳ ಬೆಲೆ ಕೂಡಿಸಿ ಇಸವಿ ತೆಗೆಯುವ ಅಬ್ಜದ್ ಪದ್ಧತಿಯೂ ಸಮಾಧಿಗಳಲ್ಲಿ ಬಳಕೆಯಲ್ಲಿದೆ. ಅದಕ್ಕೆ ಫಾರಸಿ ಬಲ್ಲವರ ನೆರವು ಪಡೆಯಿರಿ.

ಗಂಧದ ರಾತ್ರಿ

ಉರುಸಿನ ಮುಖ್ಯದಿನಕ್ಕೆ ಹೋಗಿ ಜನಜಂಗುಳಿಯ ಚಿತ್ರ ತೆಗೆದು ಬರುವುದಕ್ಕಿಂತ, ಅದರ ಹಿಂದಿನ ಗಂಧದ ರಾತ್ರಿಯನ್ನು ಮೊದಲಿನಿಂದ ಕೊನೆಯವರೆಗೆ ಹಿಂಬಾಲಿಸುವುದು ಹೆಚ್ಚು ಫಲ ಕೊಡುತ್ತದೆ. ಮಧ್ಯಾಹ್ನವೇ ಹೋಗಿ ಕುಳಿತುಕೊಳ್ಳಿ. ಚಂದನದ ಕೊರಡು ಯಾರು ತಂದರು, ತೇಯುವ ಕಲ್ಲು ಯಾರ ಮನೆಯದು, ತೇಯುವವರು ಸ್ನಾನ ಮಾಡಿ ಬರುತ್ತಾರೋ, ಅದಕ್ಕೆ ಪನ್ನೀರು, ಅತ್ತರು ಬೆರೆಸುವವರು ಯಾರು ಎಂದು ನೋಡಿ. ತೇಯ್ದ ಗಂಧ ಬಟ್ಟಲಿಗೆ ಬೀಳುತ್ತದೆ, ಬಟ್ಟಲಿಗೆ ಬಟ್ಟೆ ಮುಚ್ಚುತ್ತಾರೆ, ಮೇಲೆ ಹೂವಿನ ಚಾದರ ಬರುತ್ತದೆ. ಈ ಮೂರು ವಸ್ತುಗಳು ಮೂರು ಮನೆಗಳಿಂದ ಬರುವುದಾದರೆ, ಆ ಮನೆಗಳು ಯಾವುವು? ಬಟ್ಟಲು ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಹೋಗುವ ಪ್ರತಿ ಜಾಗವನ್ನೂ ನಿಮ್ಮ ಕೈನಕ್ಷೆಯಲ್ಲಿ ಗುರುತಿಸಿ. ಪೊಲೀಸ್ ಠಾಣೆಯ ಮುಂದೆ ನಿಂತಿತೇ? ಊರ ಗೌಡರ ಮನೆಯ ಮುಂದೆ ನಿಂತು ಅವರ ಕೈಯಿಂದ ಹೂವು ಪಡೆಯಿತೇ? ಹನುಮಪ್ಪನ ಗುಡಿ ಎದುರಾದಾಗ ವಾದ್ಯ ನಿಂತಿತೋ, ಜೋರಾಯಿತೋ? ಯಾವ ಓಣಿಯೊಳಗೆ ಹೋಗಲಿಲ್ಲ? ಹೋಗದ ಓಣಿಯ ಬಗ್ಗೆ ಮರುದಿನ ಆ ಓಣಿಯಲ್ಲೇ ಕೇಳಬೇಕು, ಮೆರವಣಿಗೆಯ ನಡುವೆ ಅಲ್ಲ.

ಫಕೀರರ ಜರ್ಬು ಇದ್ದರೆ, ಅಂದರೆ ರಿಫಾಯಿ ಪರಂಪರೆಯವರು ಮೈಗೆ ಸಲಾಕೆ ಚುಚ್ಚಿಕೊಳ್ಳುವ ಆಚರಣೆ ಇದ್ದರೆ, ಕ್ಯಾಮೆರಾ ಅತ್ತಲೇ ತಿರುಗುತ್ತದೆ. ಸ್ವಲ್ಪ ಹೊತ್ತು ಕ್ಯಾಮೆರಾ ಇಳಿಸಿ, ಆ ಫಕೀರರು ಎಲ್ಲಿಂದ ಬಂದರು, ಅವರನ್ನು ಕರೆಸಿದವರು ಯಾರು, ಅವರಿಗೆ ಸಲ್ಲುವ ಹಕ್ಕಿನ ಕಾಣಿಕೆ ಏನು, ವರ್ಷದಲ್ಲಿ ಇನ್ನು ಯಾವ ಯಾವ ಉರುಸಿಗೆ ಹೋಗುತ್ತಾರೆ ಎಂದು ಕೇಳಿ. ಅವರ ಸುತ್ತಾಟದ ದಾರಿಯನ್ನು ನಕ್ಷೆಯ ಮೇಲೆ ಬರೆದರೆ ಸಣ್ಣ ದರ್ಗಾಗಳನ್ನು ಒಂದಕ್ಕೊಂದು ಹೆಣೆದ ಜಾಲ ಕಣ್ಣಿಗೆ ಕಾಣುತ್ತದೆ. ಬೆಂಡು ಬತ್ತಾಸು, ಬಳೆ, ಆಟಿಕೆಗಳ ಅಂಗಡಿಯವರನ್ನೂ ಇದೇ ರೀತಿ ಕೇಳಬೇಕು. ದಾವಣಗೆರೆಯ ಮಂಡಕ್ಕಿ ಭಟ್ಟಿಯ ಮೂಟೆ ಯಾವ ಯಾವ ಉರುಸಿಗೆ, ಯಾವ ಯಾವ ತೇರಿಗೆ ಹೋಗುತ್ತದೆ ಎಂಬುದನ್ನು ಬಲ್ಲ ವ್ಯಾಪಾರಿಗೆ ಈ ಸೀಮೆಯ ಜಾತ್ರೆಗಳ ವರ್ಷಚಕ್ರ ಬಾಯಿಪಾಠವಾಗಿರುತ್ತದೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ತೇರು, ಹರಿಹರದ ಆರೋಗ್ಯಮಾತೆಯ ಹಬ್ಬ, ನಿಮ್ಮೂರ ಉರುಸು ಮೂರೂ ಅವನ ಲೆಕ್ಕದಲ್ಲಿ ಒಂದೇ ಸಾಲಿನಲ್ಲಿರುತ್ತವೆ.

ಉರುಸು ಮುಗಿದ ಮೇಲೆ ಬರುವ ಸಾಮಾನ್ಯ ಗುರುವಾರಗಳನ್ನೂ ಅಮಾವಾಸ್ಯೆಗಳನ್ನೂ ತಪ್ಪಿಸಬೇಡಿ. ಹರಕೆಯ ನಿಜವಾದ ಲೋಕ ಅಲ್ಲಿದೆ. ಮಗುವಿನ ಜ್ವರಕ್ಕೆ ತಾಯತ, ಹೊಸ ಟ್ರ್ಯಾಕ್ಟರಿಗೆ ನಿಂಬೆಹಣ್ಣು, ಮದುವೆಯಾಗದ ಮಗಳಿಗೆ ದಾರ, ಹರಕೆ ತೀರಿದ ಮೇಲೆ ಕುರಿ ಕಡಿದು ಮಾಡುವ ಕಂದೂರಿ ಊಟ. ಸಕ್ಕರೆ ಓದಿಸಿಕೊಂಡು ಹೋದವರು ಅದನ್ನು ಮನೆಯಲ್ಲಿ ಯಾರಿಗೆ ಹಂಚುತ್ತಾರೆ, ಕಂದೂರಿಗೆ ಯಾರು ಕೂರುತ್ತಾರೆ, ಯಾರು ಅಕ್ಕಿ ಬೇಳೆ ಪಡೆದು ಬೇರೆ ಅಡುಗೆ ಮಾಡಿಕೊಳ್ಳುತ್ತಾರೆ ಎಂಬುದನ್ನು ಬರೆದುಕೊಳ್ಳಿ. ಕೂಡಿ ಬರುವುದು, ಕೂಡಿ ಉಣ್ಣುವುದು ಬೇರೆ ಬೇರೆ ಸಂಗತಿಗಳು.

ಬಾಬಯ್ಯನ ಹಬ್ಬ

ಮೊಹರಂ ಅಧ್ಯಯನಕ್ಕೆ ಪ್ರತ್ಯೇಕ ತಯಾರಿ ಬೇಕು. ಹಿಜರಿ 61ರ ಮೊಹರಂ ಹತ್ತರಂದು, ಅಂದರೆ 680ರಲ್ಲಿ, ಕರ್ಬಲಾದಲ್ಲಿ ಇಮಾಮ್ ಹುಸೇನರು ಹುತಾತ್ಮರಾದದ್ದರ ನೆನಪು ಇದು. ನಮ್ಮ ಹಳ್ಳಿಗಳಲ್ಲಿ ಇದನ್ನು ನಡೆಸುವವರು ಬಹುಪಾಲು ಸುನ್ನಿ ಮುಸ್ಲಿಮರು ಮತ್ತು ಹಿಂದೂ ಸಮುದಾಯಗಳವರು. ಒಂದೂ ಮುಸ್ಲಿಂ ಮನೆಯಿಲ್ಲದ ಹಳ್ಳಿಗಳಲ್ಲಿ ಹಬ್ಬ ನಡೆಯುವುದು, ಫಾತೆಹಾ ಎಂಬ ಪ್ರಾರ್ಥನೆ ಓದಲು ಪಕ್ಕದ ಊರಿನಿಂದ ಒಬ್ಬರನ್ನು ಕರೆಸುವುದು ಕರ್ನಾಟಕದ ಹಲವು ಕಡೆ ಕಂಡುಬಂದಿದೆ. ಇಂತಹ ಊರು ಸಿಕ್ಕರೆ ಅಚ್ಚರಿಯನ್ನು ವರದಿ ಮಾಡಿ ಬಿಡಬೇಡಿ; ಗುದ್ದಲಿ ಹಾಕುವ ದಿನವೇ ಹೋಗಿ. ಬೆಂಕಿ ಹಾಕುವ ಅಲಾಯಿ ಕುಣಿಗೆ ಮೊದಲ ಗುದ್ದಲಿ ಯಾರದು, ಸೌದೆ ತರುವ ಸರದಿ ಯಾವ ಮನೆಗಳದು, ಪೆಟ್ಟಿಗೆಯಿಂದ ಪಂಜಾಗಳನ್ನು ತೆಗೆದು ತೊಳೆಯುವವರು ಯಾರು, ಹಸನ್, ಹುಸೇನ್, ಕಾಸಿಂ, ಮೌಲಾಲಿ, ಬೀಬಿ ಫಾತಿಮಾ ಎಂಬ ಹೆಸರಿನ ಪ್ರತಿ ಪಂಜಾವನ್ನು ಹಿಡಿಯುವ ಹಕ್ಕು ಯಾವ ಮನೆತನದ್ದು ಎಂಬುದನ್ನು ಪಟ್ಟಿ ಮಾಡಿ. ಪಂಜಾದ ಹಿಂಬದಿಯಲ್ಲಿ ಕೆಲವೊಮ್ಮೆ ಮಾಡಿಸಿಕೊಟ್ಟವರ ಹೆಸರು ಮತ್ತು ಇಸವಿ ಕನ್ನಡದಲ್ಲೋ ಉರ್ದುವಿನಲ್ಲೋ ಕೊರೆದಿರುತ್ತದೆ. ತೊಳೆಯುವ ಹೊತ್ತಿನಲ್ಲಿ ಮಾತ್ರ ಅದು ಕಾಣುತ್ತದೆ, ಆಮೇಲೆ ಬಟ್ಟೆ, ಹೂವು, ಊದಿನ ಹೊಗೆಯಲ್ಲಿ ಮರೆಯಾಗುತ್ತದೆ.

ಮೊಹರಂ ಹತ್ತರ ಹಿಂದಿನ ಕತ್ತಲರಾತ್ರಿಯ ಹಾಡುಗಳನ್ನು ಧ್ವನಿಮುದ್ರಿಸುವಾಗ ತಂಡದ ಎಲ್ಲರ ಒಪ್ಪಿಗೆ ಪಡೆದು, ಹಾಡಿನ ಪದ ಪದವನ್ನೂ ನಂತರ ಹಾಡುಗಾರರ ಎದುರಿಗೇ ಕುಳಿತು ಬರೆದುಕೊಳ್ಳಿ. ರಿವಾಯತ್ ಎಂಬ ಈ ಮೊಹರಂ ಪದಗಳಲ್ಲಿ ಕರ್ಬಲಾ, ಕಾಸಿಮನ ಮದುವೆ, ನೀರಡಿಕೆ, ನಮ್ಮೂರ ಹೊಳೆ ಎಲ್ಲ ಒಟ್ಟಿಗೆ ಬರುತ್ತವೆ. ನಿಮಗೆ ತಪ್ಪೆಂದು ಕಂಡ ಹೆಸರನ್ನು ತಿದ್ದಬೇಡಿ.

ಗಡಿಯಾಚೆಯ ಒಂದು ಅಧ್ಯಯನವನ್ನು ಇಲ್ಲಿ ಓದಲೇಬೇಕು. ಆಂಧ್ರದ ಅನಂತಪುರ ಜಿಲ್ಲೆಯ ಗೂಗೂಡಿನ ಮೊಹರಂ ಮತ್ತು ಅಲ್ಲಿನ ಕುಳ್ಳಾಯಪ್ಪನ ಭಕ್ತಿಯನ್ನು ಕುರಿತು ಅಫ್ಸರ್ ಮೊಹಮ್ಮದ್ ಬರೆದ ಪುಸ್ತಕ 2013ರಲ್ಲಿ ಬಂತು. ಮೊಳಕಾಲ್ಮೂರು, ಚಳ್ಳಕೆರೆಯ ತೆಲುಗು ಬಲ್ಲ ಜನರ ಆಚರಣೆಗಳನ್ನು ಅರಿಯಲು ಅದು ಹತ್ತಿರದ ಹೋಲಿಕೆ. ಕನ್ನಡದಲ್ಲಿ ರಹಮತ್ ತರೀಕೆರೆಯವರ ‘ಕರ್ನಾಟಕದ ಸೂಫಿಗಳು’, ಬಿಜಾಪುರದ ಸೂಫಿಗಳ ಸಾಮಾಜಿಕ ಪಾತ್ರವನ್ನು ಕುರಿತು ರಿಚರ್ಡ್ ಈಟನ್ 1978ರಲ್ಲಿ ಪ್ರಕಟಿಸಿದ ಅಧ್ಯಯನ, ದಕ್ಷಿಣದ ಮುಸ್ಲಿಮರ ಆಚಾರಗಳನ್ನು ಜಾಫರ್ ಶರೀಫ್ ದಾಖಲಿಸಿ ಹರ್ಕ್ಲಾಟ್ಸ್ 1832ರಲ್ಲಿ ಇಂಗ್ಲಿಷಿಗೆ ತಂದ ‘ಖಾನೂನ್-ಎ-ಇಸ್ಲಾಂ’, ಇಷ್ಟನ್ನು ಓದಿ ಹೊರಟರೆ ಕ್ಷೇತ್ರದಲ್ಲಿ ಕಂಡದ್ದರಲ್ಲಿ ಹಳೆಯದು ಯಾವುದು, ಈಚಿನದು ಯಾವುದು ಎಂದು ಕೇಳುವ ಶಕ್ತಿ ಬರುತ್ತದೆ.

ಮಾತಾಡಿಸುವುದು

ಮನೆಮಾತನ್ನು ಊಹಿಸಬೇಡಿ. ಈ ಎರಡು ಜಿಲ್ಲೆಗಳಲ್ಲಿ ಪಿಂಜಾರ ಅಥವಾ ನದಾಫ್ ಸಮುದಾಯದವರು ಬಹಳ ಮಂದಿ ಇದ್ದಾರೆ. ಅವರಲ್ಲಿ ಹಲವರ ಮನೆಮಾತು ಕನ್ನಡ, ಕೆಲವೆಡೆ ತೆಲುಗು. ಬೇರೆ ಮನೆಗಳಲ್ಲಿ ದಖ್ಖನಿ ಉರ್ದು ಇದೆ. ವಯಸ್ಸಾದ ಮುಜಾವರರ ಮುಂದೆ ಕುಳಿತಾಗ ಅವರನ್ನು ಆ ಊರಿನವರು ಹೇಗೆ ಕರೆಯುತ್ತಾರೋ ಹಾಗೆಯೇ ಕರೆಯಿರಿ. “ಅಜ್ಜಾರೆ, ಈ ಗಂಧ ಮೊದ್ಲಿಂದ ಯಾರ ಮನ್ಯಾಗೆ ತೇಯ್ತಾರೆ?” ಎಂಬ ಪ್ರಶ್ನೆ, ಈ ದರ್ಗಾದ ಮಹತ್ವವೇನು ಎಂಬ ಪ್ರಶ್ನೆಗಿಂತ ನೂರು ಪಾಲು ಉತ್ತಮ. ಎರಡನೆಯದಕ್ಕೆ ಪತ್ರಿಕೆಯವರಿಗೆ ಹೇಳಿ ರೂಢಿಯಾದ ಉತ್ತರ ಬರುತ್ತದೆ. ಮೊದಲನೆಯದಕ್ಕೆ ಅಣ್ಣತಮ್ಮಂದಿರ ಪಾಲು, ಸರದಿಯ ವರ್ಷ, ನಡುವೆ ನಿಂತುಹೋದ ಒಂದು ಕಾಲ, ಎಲ್ಲವೂ ತಾವಾಗಿ ಹೊರಬರುತ್ತವೆ.

ಹೆಂಗಸರ ಮಾತನ್ನು ಕೇಳದೆ ಬರೆದ ದರ್ಗಾ ಅಧ್ಯಯನ ಅರ್ಧದ್ದು. ಕೆಲವು ದರ್ಗಾಗಳಲ್ಲಿ ಅವರು ಸಮಾಧಿಯ ಹತ್ತಿರ ಹೋಗುವುದಿಲ್ಲ, ಹೊಸ್ತಿಲಲ್ಲೇ ಕೂರುತ್ತಾರೆ. ಆದರೆ ಹರಕೆ ಹೊರುವವರು, ನೆನಪಿಡುವವರು, ಚೊಂಗೆ ಮಾಡುವವರು, ಮಾಲೀದಿ ಕಲಸುವವರು ಅವರೇ. ಸಂಶೋಧಕರು ಗಂಡಸರಾದರೆ ಸಹಪಾಠಿಯೊಬ್ಬರನ್ನು ಜೊತೆಗೂಡಿಸಿಕೊಂಡು, ಆ ಭಾಗವನ್ನು ಅವರ ಹೆಸರಿನಲ್ಲೇ ಪ್ರಕಟಿಸುವುದು ನ್ಯಾಯ.

ಗಾಳಿ ಸೋಕಿದವರೆಂದು ಕರೆತಂದವರ ಫೋಟೋ, ವೀಡಿಯೋ ಬೇಡ. ಅವರು ಒಪ್ಪಿಗೆ ಕೊಡುವ ಸ್ಥಿತಿಯಲ್ಲಿರುವುದಿಲ್ಲ, ಮನೆಯವರ ಒಪ್ಪಿಗೆ ಅದಕ್ಕೆ ಸಮವಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರವಾಡಿಯಲ್ಲಿ, ದರ್ಗಾದ ಸುತ್ತಲಿನ ಆಶ್ರಯಮನೆಯೊಂದರಲ್ಲಿ ಸರಪಳಿ ಬಿಗಿದಿದ್ದ ಮಾನಸಿಕ ರೋಗಿಗಳು ಬೆಂಕಿಯಲ್ಲಿ ಸತ್ತರು. ಎಲ್ಲಿಯಾದರೂ ಕಟ್ಟಿಹಾಕಿದ ರೋಗಿಯನ್ನು ಕಂಡರೆ ನಿಮ್ಮ ಮೊದಲ ಕೆಲಸ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರಿಗೆ ತಿಳಿಸುವುದು, ಟಿಪ್ಪಣಿ ಬರೆಯುವುದು ಆಮೇಲೆ.

ಒಪ್ಪದವರ ಮಾತು

ದರ್ಗಾಕ್ಕೆ ನಡೆದುಕೊಳ್ಳುವುದರ ಬಗ್ಗೆ ಮುಸ್ಲಿಮರೊಳಗೇ ಭಿನ್ನಾಭಿಪ್ರಾಯವಿದೆ. ಅಹಲೆ ಸುನ್ನತ್ ಎಂದು ಕರೆದುಕೊಳ್ಳುವವರು ಉರುಸು, ಫಾತೆಹಾಗಳನ್ನು ಸಮರ್ಥಿಸುತ್ತಾರೆ. ದೇವಬಂದ್ ಮತ್ತು ಅಹಲೆ ಹದೀಸ್ ವಿಚಾರದವರು ಅವುಗಳಲ್ಲಿ ಹಲವನ್ನು, ವಿಶೇಷವಾಗಿ ಪಂಜಾ ಕೂರಿಸುವುದನ್ನು, ಒಪ್ಪುವುದಿಲ್ಲ. ಒಪ್ಪದವರನ್ನು ಭಾವೈಕ್ಯ ಮುರಿಯುವವರು ಎಂದು ಬರೆದುಬಿಡುವುದು ಅನ್ಯಾಯ. ಅವರ ಆಕ್ಷೇಪ ದೇವರ ಏಕತ್ವದ ಪ್ರಶ್ನೆಯಿಂದ ಹುಟ್ಟಿದ್ದು. ಅವರೊಡನೆಯೂ ಅಷ್ಟೇ ಗೌರವದಿಂದ ಕುಳಿತು, ಅವರ ಮಾತನ್ನು ಅವರ ಕಾರಣಗಳ ಜೊತೆಗೆ ಬರೆಯಬೇಕು. ಸಮಾಧಿ ಯಾರದು, ಪೂಜೆಯ ವಿಧಾನ ಯಾವುದು ಎಂಬ ವಿವಾದ ನ್ಯಾಯಾಲಯದಲ್ಲಿರುವ ಜಾಗವಾದರೆ, ಎರಡೂ ಕಡೆಯವರ ಅರ್ಜಿ ಮತ್ತು ಆದೇಶಗಳನ್ನು ಓದದೆ ಒಂದು ಸಾಲನ್ನೂ ಪ್ರಕಟಿಸಬೇಡಿ. ಇಂದಿನ ಬಿಸಿಯಲ್ಲಿ ವಿದ್ಯಾರ್ಥಿಯ ಒಂದು ಹಗುರ ವಾಕ್ಯ ಊರಿನವರಿಗೆ ಭಾರವಾಗಬಲ್ಲದು.

ಕರಡು ಮುಗಿದಾಗ

ಪ್ರತಿ ಸಂಗತಿಯ ಪಕ್ಕದಲ್ಲಿ ಅದು ನೀವು ಕಣ್ಣಾರೆ ಕಂಡದ್ದೋ, ಒಬ್ಬರು ಹೇಳಿದ್ದೋ, ಕಡತದಲ್ಲಿದ್ದದ್ದೋ ಎಂದು ಗುರುತು ಹಾಕಿ. ಕಾಲೇಜಿಗೆ ಒಪ್ಪಿಸುವ ಮೊದಲು ಕರಡನ್ನು ಮುಜಾವರರ ಮನೆಯಲ್ಲಿ, ಗಂಧ ತೇಯುವವರ ಮನೆಯಲ್ಲಿ, ವಾದ್ಯದವರ ಮನೆಯಲ್ಲಿ ಓದಿ ಹೇಳಿ. ಮೂವರೂ ಮೂರು ತಿದ್ದುಪಡಿ ಹೇಳುತ್ತಾರೆ, ಅವು ಒಂದಕ್ಕೊಂದು ಹೊಂದದೆ ಇರಬಹುದು. ಹೊಂದದ್ದನ್ನು ಹೊಂದದ್ದೆಂದೇ ಉಳಿಸಿ, ಯಾರ ಮಾತು ಯಾವುದು ಎಂದು ಬರೆಯಿರಿ. ಜಮೀನು, ಕಾಯಿಲೆ, ಮನೆಯ ಜಗಳಗಳಿಗೆ ಸಂಬಂಧಿಸಿದ ಕಡೆ ಜೀವಂತವಾಗಿರುವವರ ಹೆಸರು ತೆಗೆಯಿರಿ. ಧ್ವನಿಮುದ್ರಣಗಳ ಒಂದು ಪ್ರತಿ ಹಾಡಿದವರಿಗೆ, ಒಂದು ಪ್ರತಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಸಲ್ಲಲಿ. ಪ್ರತಿ ಕಡತದ ಹೆಸರಿನಲ್ಲಿ ಊರು, ತಾರೀಖು, ಹಿಜರಿ ತಿಥಿ ಮೂರೂ ಇರಲಿ. ಗಂಧದ ದಾರಿಯ ನಕ್ಷೆಯನ್ನು ದೊಡ್ಡದಾಗಿ ಬರೆಸಿ ಕಮಿಟಿಗೆ ಕೊಟ್ಟು, ಮುಂದಿನ ವರ್ಷದ ಮೆರವಣಿಗೆ ಅದೇ ದಾರಿಯಲ್ಲಿ ಹೋಗುತ್ತದೆಯೇ ಎಂದು ನೋಡಲು ಮತ್ತೊಮ್ಮೆ ಹೋಗಿ.